ಸಂಭ್ರಮಕ್ಕೆ ಸೇರಿದ ಜನರ ಮೇಲೆ ದಾಳಿ ನಡೆದರೆ ಊರಿಗೆ ಏನಾಗುತ್ತದೆ?

2022ರ ನವೆಂಬರ್ 19, ಶನಿವಾರ ಸಂಜೆ. ಮಂಗಳೂರಿನ ನಾಗುರಿಯಲ್ಲಿ ಓಡುತ್ತಿದ್ದ ರಿಕ್ಷಾವೊಂದರೊಳಗೆ ಏನೋ ಸಿಡಿಯಿತು. ಚಾಲಕರಿಗೂ ಪ್ರಯಾಣಿಕನಿಗೂ ಸುಟ್ಟ ಗಾಯ. ಗ್ಯಾಸ್ ಇರಬೇಕು, ಬ್ಯಾಟರಿ ಇರಬೇಕು ಅಂತ ಮೊದಲು ಎಲ್ಲರೂ ಮಾತಾಡಿಕೊಂಡರು. ಆಮೇಲೆ ಮೊಬೈಲಿಗೆ ಬಾಂಬ್ ಕಟ್ಟಿದ್ದ ಕುಕ್ಕರಿನ ಫೋಟೋ ಬಂತು. ಮರುದಿನ ಪೊಲೀಸರು, ಇದು ಆಕಸ್ಮಿಕ ಅಲ್ಲ, ಭಯೋತ್ಪಾದಕ ಕೃತ್ಯ ಅಂದರು.

ಆ ಭಾನುವಾರ ನಮ್ಮ ಮನೆಯಲ್ಲಿ ಅಮ್ಮ ಬೇಳೆ ಬೇಯಲು ಕುಕ್ಕರ್ ಇಟ್ಟಿದ್ದರು. ಒಂದು ವಿಶಲ್ ಬಂತು. ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಅದನ್ನೇ ನೋಡಿದರು. ಇನ್ನೊಂದು ವಿಶಲ್ ಬರುವ ಮೊದಲೇ ಎದ್ದು ಗ್ಯಾಸ್ ಆಫ್ ಮಾಡಿದರು. ಮಧ್ಯಾಹ್ನದ ಸಾರಿನಲ್ಲಿ ಬೇಳೆ ಅರೆಬೆಂದಿತ್ತು. ಯಾರೂ ಏನೂ ಹೇಳದೆ ಉಂಡೆವು.

ಆ ಕುಕ್ಕರ್ ಎಲ್ಲಿಗೆ ಹೋಗಬೇಕಿತ್ತು ಎನ್ನುವುದು ಒಂದು ವರ್ಷದ ನಂತರ ಎನ್‌ಐಎ (ರಾಷ್ಟ್ರೀಯ ತನಿಖಾ ದಳ) ಸಲ್ಲಿಸಿದ ದೋಷಾರೋಪ ಪಟ್ಟಿಯಲ್ಲಿ ಬಂತು. ಕದ್ರಿ ಮಂಜುನಾಥ ದೇವಸ್ಥಾನ. ಅಮ್ಮ ಸೋಮವಾರ ತಪ್ಪಿಸದೆ ಹೋಗುವ ದೇವಸ್ಥಾನ. ನಮ್ಮ ಮನೆಯಿಂದ ನಡೆದರೆ ಹತ್ತು ನಿಮಿಷ. ಊರಿನವರಿಗೆ ಆ ಅನುಮಾನ ಮೊದಲ ವಾರದಿಂದಲೇ ಇತ್ತು ಬಿಡಿ.

ಯಾರೂ ಸಾಯಲಿಲ್ಲ. ದೇವಸ್ಥಾನಕ್ಕೆ ಏನೂ ಆಗಲಿಲ್ಲ. ಆದರೂ ಮುಂದಿನ ಜನವರಿಯ ಕದ್ರಿ ಜಾತ್ರೆಗೆ ಅಮ್ಮ ಬರಲಿಲ್ಲ. "ಮೊಣಕಾಲು ನೋವು ಮಾರಾಯ" ಅಂದರು. ಮೊಣಕಾಲು ನೋವು ಇದ್ದದ್ದು ಹೌದು. ಹತ್ತು ವರ್ಷದಿಂದಲೂ ಇತ್ತು.

ನಡೆಯದೇ ಹೋದ ದಾಳಿಯೇ ಇಷ್ಟು ಮಾಡಿದರೆ, ನಿಜವಾಗಿ ನಡೆದದ್ದು ಒಂದು ಊರಿಗೆ ಏನು ಮಾಡುತ್ತದೆ? ಸತ್ತವರ, ಗಾಯಗೊಂಡವರ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ. ಆ ಲೆಕ್ಕದಲ್ಲಿ ಸೇರದ್ದು ತುಂಬಾ ಇದೆ.

ಬೆನ್ನು ಕೊಟ್ಟು ನಿಲ್ಲುವುದು

ನಮ್ಮ ಕಡೆ ಜನ ಸೇರುವುದಕ್ಕೆ ಕಾರಣ ಬೇಕಾಗಿಲ್ಲ. ಮಳೆ ನಿಂತರೆ ಸಾಕು, ಕಂಬಳ, ನೇಮ, ಬಯಲಾಟ, ದೀಪೋತ್ಸವ ಶುರು. ಕುದ್ರೋಳಿಯ ದಸರಾ ಇದೆ, ಉಳ್ಳಾಲದ ಉರೂಸ್ ಇದೆ, ಚರ್ಚುಗಳಲ್ಲಿ ಮೊಂತಿ ಫೆಸ್ತ್ ಇದೆ, ಎರಡು ವರ್ಷಕ್ಕೊಮ್ಮೆ ಉಡುಪಿಯ ಪರ್ಯಾಯ ಇದೆ. ಪರ್ಯಾಯದ ರಾತ್ರಿ ರಥಬೀದಿಯಲ್ಲಿ ನಿಂತವರಿಗೆ ಗೊತ್ತು, ಅಲ್ಲಿ ಕೈ ಮೇಲೆತ್ತಿದರೆ ಮತ್ತೆ ಇಳಿಸಲು ಜಾಗ ಇರುವುದಿಲ್ಲ. ಹಿಂದೆ ನಿಂತವರು ಯಾರು? ಗೊತ್ತಿಲ್ಲ. ಅವರ ಚೀಲದಲ್ಲಿ ಏನಿದೆ? ಆ ಪ್ರಶ್ನೆಯೇ ಬರುವುದಿಲ್ಲ. ನಿದ್ದೆ ಮಾಡುತ್ತಿರುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು, ಗುರುತಿಲ್ಲದ ನೂರು ಜನಕ್ಕೆ ಬೆನ್ನು ಕೊಟ್ಟು ನಿಂತಿರುತ್ತೇವೆ.

ಇದು ದೊಡ್ಡ ನಂಬಿಕೆ. ಎಷ್ಟು ದೊಡ್ಡದು ಅಂದರೆ ಇದೆ ಅಂತಲೇ ನಮಗೆ ಗೊತ್ತಿರುವುದಿಲ್ಲ. ಸಾರ್ವಜನಿಕ ಕಾರ್ಯಕ್ರಮದ ಮೇಲೆ ದಾಳಿ ಮಾಡುವವರು ಹೊಡೆಯುವುದು ಈ ನಂಬಿಕೆಗೆ. ಅಲ್ಲಿ ಇದ್ದವರಿಗೆ ಮಾತ್ರ ಪೆಟ್ಟು ಬೀಳುವುದಿಲ್ಲ, ಮುಂದಿನ ವಾರ ಇನ್ನೆಲ್ಲೋ ಇನ್ಯಾವುದೋ ಗುಂಪಿನಲ್ಲಿ ನಿಲ್ಲಬೇಕಾದವರಿಗೂ ಬೀಳುತ್ತದೆ.

ದುರಂತ ನಮಗೆ ಹೊಸದಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕೆಂಜಾರಿನ ಕಮರಿಗೆ ಬಿತ್ತು. 166 ಜನರಲ್ಲಿ 158 ಜನ ತೀರಿಕೊಂಡರು. ಬದುಕಿದವರು 8 ಮಂದಿ. ಕರಾವಳಿಯ ಪ್ರತಿ ಊರಿಗೂ ಆ ವಿಮಾನದಲ್ಲಿ ಒಬ್ಬರು ಇದ್ದ ಹಾಗೆ ಅನ್ನಿಸಿದ ದಿನ ಅದು. ದುಃಖ ಅಂದರೆ ಅಂಥ ದುಃಖ. ಆದರೆ ಅದಾದ ಮೇಲೆ ಯಾರೂ ಪಕ್ಕದ ಸೀಟಿನವರ ಮುಖ ನೋಡಿ ಹೆದರಲಿಲ್ಲ. ತಪ್ಪು ಮನುಷ್ಯರದ್ದೇ ಆಗಿದ್ದರೂ ಯಾರೂ ಬೇಕು ಅಂತ ಮಾಡಿದ್ದಲ್ಲ. ದಾಳಿಯಲ್ಲಿ ಈ ಸಮಾಧಾನವೂ ಇರುವುದಿಲ್ಲ. ಯಾರೋ ಒಬ್ಬ ಕೂತು ಯೋಚಿಸಿ, ಹೆಚ್ಚು ಜನ ನಗುತ್ತಾ ಇರುವ ಹೊತ್ತು ಯಾವುದು ಅಂತ ನೋಡಿ ಮಾಡಿರುತ್ತಾನೆ. ಕಳೆದುಕೊಂಡವರ ತಲೆಯಲ್ಲಿ ವರ್ಷಗಟ್ಟಲೆ ಕೊರೆಯುವುದು ಇದೇ.

ಮೇ 22, ಇನ್ನೊಂದು ಸಲ

ಏಳು ವರ್ಷ ಆದ ಮೇಲೆ ಅದೇ ಮೇ 22ರಂದು, 2017ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಸಂಗೀತ ಕಾರ್ಯಕ್ರಮ ಒಂದು ಮುಗಿಯುವ ಹೊತ್ತಿಗೆ ಬಾಂಬ್ ಸಿಡಿಯಿತು. ಹಾಡಿದವರು ಅರಿಯಾನಾ ಗ್ರಾಂಡೆ. ಅವರ ಅಭಿಮಾನಿಗಳಲ್ಲಿ ಶಾಲೆಗೆ ಹೋಗುವ ಹುಡುಗಿಯರೇ ಜಾಸ್ತಿ. ಮಕ್ಕಳನ್ನು ಮನೆಗೆ ಕರೆದುಕೊಂಡು ಹೋಗಲು ಅಪ್ಪ ಅಮ್ಮಂದಿರು ಹೊರಗಿನ ಹಜಾರದಲ್ಲಿ ಕಾಯುತ್ತಿದ್ದರು. ಅಲ್ಲೇ ಸ್ಫೋಟ ಆಯಿತು. 22 ಜನ ಸತ್ತರು. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳಿಗೆ 8 ವರ್ಷ.

ನಮ್ಮ ಗಡಿಯಾರದಲ್ಲಿ ಆಗ 23ರ ಬೆಳಗಿನ ಜಾವ ಮೂರು ಗಂಟೆ. ಪಕ್ಕದ ಮನೆಯ ಬಾಯಮ್ಮನ ಮಗಳು ಆಗ ಅದೇ ಊರಿನಲ್ಲಿ ನರ್ಸ್. ಬೆಳಿಗ್ಗೆ ಆರಕ್ಕೆ ಬಾಯಮ್ಮ ನೈಟಿ ಮೇಲೆ ಟವೆಲ್ ಹಾಕಿಕೊಂಡು ನಮ್ಮ ಗೇಟಿನ ಹತ್ತಿರ ನಿಂತಿದ್ದರು. ಕೈಯಲ್ಲಿ ಫೋನ್. "ರಿಂಗ್ ಆಗ್ತದೆ, ಎತ್ತುದಿಲ್ಲ." ಅಮ್ಮ ಅವರನ್ನು ಒಳಗೆ ಕರೆದು ಕೂರಿಸಿ ಕಾಫಿ ಮಾಡಿದರು. ಬಾಯಮ್ಮ ಕುಡಿಯಲಿಲ್ಲ, ಲೋಟ ಹಿಡಿದುಕೊಂಡೇ ಕೂತರು. ಎಂಟೂವರೆಗೆ ಮಗಳ ಮೆಸೇಜ್ ಬಂತು. ಡ್ಯೂಟಿಯಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ ಅಂತ. ಅಷ್ಟೇ. ಬಾಯಮ್ಮ ಆಗ ಅತ್ತರು. ಅಲ್ಲಿವರೆಗೆ ಒಂದು ಹನಿ ಇಲ್ಲ.

ಆಘಾತ ಹೀಗೇ ಕೆಲಸ ಮಾಡುತ್ತದೆ. ಅಪಾಯ ಇದೆ ಅಂತ ಅನ್ನಿಸಿದ ಕೂಡಲೇ ಮೈ ಒಂದು ಬೇರೆ ಲೆಕ್ಕಕ್ಕೆ ಹೋಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಹಸಿವು ಸತ್ತುಹೋಗುತ್ತದೆ. ಅಳು, ನೆನಪು, ಯೋಚನೆ ಎಲ್ಲ ಹಿಂದೆ ಸರಿಯುತ್ತವೆ. ಅದಕ್ಕೇ ದುರಂತದ ಜಾಗದಲ್ಲಿ ಕೆಲವರು ತಣ್ಣಗೆ ಇರುತ್ತಾರೆ. ಚಪ್ಪಲಿ ಹುಡುಕುತ್ತಾರೆ. ಬಸ್ಸಿಗೆ ಚಿಲ್ಲರೆ ಇದೆಯಾ ಅಂತ ನೋಡುತ್ತಾರೆ. ನೋಡಿದವರು "ಎಂಥ ಕಲ್ಲು ಮನಸ್ಸು" ಅನ್ನುತ್ತಾರೆ. ಅದು ಕಲ್ಲು ಮನಸ್ಸಲ್ಲ. ಎಲ್ಲವೂ ಒಂದೇ ಸಲ ಒಳಗೆ ಬಂದರೆ ತಡೆಯಲಾಗದು ಅಂತ ಮೈ ತಾನೇ ಬಾಗಿಲು ಹಾಕಿಕೊಂಡಿರುತ್ತದೆ.

ಬಾಗಿಲು ತೆರೆಯುವುದು ಆಮೇಲೆ. ನಿದ್ದೆ ಬರುವುದಿಲ್ಲ, ಬಂದರೆ ಕನಸು. ಬಾಗಿಲು ಬಡಿದರೆ ಬೆಚ್ಚುತ್ತಾರೆ. ನಮ್ಮಲ್ಲಾದರೆ ದೇವಸ್ಥಾನದ ಗರ್ನಾಲ್, ಅಂದರೆ ಸಿಡಿಮದ್ದು, ಸಾಕು. ಮಕ್ಕಳು ಬಿಟ್ಟುಹೋಗಿದ್ದ ಅಭ್ಯಾಸಕ್ಕೆ ವಾಪಸ್ ಹೋಗುತ್ತಾರೆ. ಹಾಸಿಗೆ ಒದ್ದೆ ಮಾಡುವುದು, ಅಮ್ಮನ ಸೆರಗು ಬಿಡದೆ ಇರುವುದು, ಆಟದಲ್ಲಿ ಅದೇ ಘಟನೆಯನ್ನು ಮತ್ತೆ ಮತ್ತೆ ಆಡುವುದು. ಮೊದಲ ಕೆಲವು ವಾರ ಇದೆಲ್ಲ ಸಹಜ. ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಒಂದು ತಿಂಗಳು ದಾಟಿದರೂ ಇಳಿಯದೆ, ಕೆಲಸಕ್ಕೆ ಹೋಗಲಾಗದೆ, ಮನೆಯವರ ಜೊತೆ ಇರಲಾಗದೆ ಇದ್ದರೆ ಆಗ ಡಾಕ್ಟರುಗಳು ಪಿಟಿಎಸ್‌ಡಿ (ಆಘಾತದ ನಂತರ ಉಳಿದುಬಿಡುವ ಮನಸ್ಸಿನ ಕಾಯಿಲೆ) ಇರಬಹುದಾ ಅಂತ ನೋಡುತ್ತಾರೆ. ಎರಡನೇ ದಿನವೇ ಆ ಹೆಸರು ಹಚ್ಚುವುದಿಲ್ಲ.

ಗುಂಪು ಹುಚ್ಚೆದ್ದು ಓಡುತ್ತದಾ?

ಸಿನಿಮಾದಲ್ಲಿ ಹಾಗೆ ತೋರಿಸುತ್ತಾರೆ. ಬಾಂಬ್ ಸಿಡಿದರೆ ಸಾಕು, ಒಬ್ಬರನ್ನೊಬ್ಬರು ತುಳಿದುಕೊಂಡು ಓಡುತ್ತಾರೆ. ಕಿರಿದಾದ ಗೇಟಿನಲ್ಲಿ ನೂಕುನುಗ್ಗಲು ಆಗಿ ಜನ ಸಾಯುವುದು ನಿಜ. ಆದರೆ ಅಲ್ಲಿ ಕೊಲ್ಲುವುದು ಹೆಚ್ಚಾಗಿ ಜಾಗದ ಇಕ್ಕಟ್ಟು, ಕೆಟ್ಟ ವ್ಯವಸ್ಥೆ. 2005ರ ಜುಲೈ 7ರಂದು ಲಂಡನ್ನಿನ ಸುರಂಗ ರೈಲುಗಳಲ್ಲಿ ಮತ್ತು ಒಂದು ಬಸ್ಸಿನಲ್ಲಿ ಬಾಂಬ್ ಸಿಡಿದು 52 ಜನ ಸತ್ತರು. ಬದುಕುಳಿದವರನ್ನು ಗುಂಪಿನ ಮನಸ್ಸನ್ನು ಅಧ್ಯಯನ ಮಾಡುವ ಜಾನ್ ಡ್ರೂರಿ ಮತ್ತು ಜೊತೆಯ ಸಂಶೋಧಕರು ಮಾತಾಡಿಸಿದರು. ಕತ್ತಲೆಯಲ್ಲಿ, ಹೊಗೆಯಲ್ಲಿ, ಗುರುತೇ ಇಲ್ಲದ ಜನ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು, ನೀರು ಹಂಚಿಕೊಂಡಿದ್ದರು, ರಕ್ತ ನಿಲ್ಲಿಸಲು ಬಟ್ಟೆ ಕೊಟ್ಟಿದ್ದರು. ಐದು ನಿಮಿಷ ಮೊದಲು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತವರು ಇವರೇ. ಅಪಾಯ ಬಂದ ಕೂಡಲೇ "ನಾವು" ಅನ್ನುವುದು ಹುಟ್ಟಿತ್ತು.

ಮ್ಯಾಂಚೆಸ್ಟರಿನಲ್ಲೂ ಹಾಗೇ. ಅಗ್ನಿಶಾಮಕ ದಳ ಒಳಗೆ ಬರಲು ಎರಡು ಗಂಟೆಗಿಂತ ಹೆಚ್ಚು ಹಿಡಿಯಿತು, ಆಮೇಲೆ ನಡೆದ ವಿಚಾರಣೆಯಲ್ಲಿ ಇದಕ್ಕೆ ಸರಿಯಾಗಿ ಮಾತು ಕೇಳಬೇಕಾಯಿತು. ಅಷ್ಟರಲ್ಲಿ ಅಲ್ಲಿದ್ದವರೇ ಜಾಹೀರಾತು ಹಲಗೆಗಳನ್ನು, ಕಬ್ಬಿಣದ ತಡೆಗಳನ್ನು ಸ್ಟ್ರೆಚರ್ ಮಾಡಿಕೊಂಡು ಗಾಯಾಳುಗಳನ್ನು ಹೊತ್ತರು. ಟ್ಯಾಕ್ಸಿಯವರು ದುಡ್ಡು ತೆಗೆದುಕೊಳ್ಳದೆ ರಾತ್ರಿಯಿಡೀ ಜನರನ್ನು ಮನೆಗೆ ಬಿಟ್ಟರು. ಗುರುದ್ವಾರಗಳು ಬಾಗಿಲು ತೆರೆದವು. ಕೆಂಜಾರಿನಲ್ಲೂ ಮೊದಲು ಕಮರಿಗೆ ಇಳಿದದ್ದು ಪಕ್ಕದ ಮನೆಗಳ ಜನ ಅಲ್ವಾ? ಸಮವಸ್ತ್ರದವರು ಬರುವ ಮೊದಲು ಊರು ಬಂದಿರುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ದಾಳಿಯಾದ ಮೇಲೆ ಊರು ತನ್ನ ಬಗ್ಗೆ ಯಾವ ಕಥೆ ಹೇಳಿಕೊಳ್ಳುತ್ತದೆ ಎನ್ನುವುದು ಮುಖ್ಯ. ಆ ಸಂಜೆ ಒಬ್ಬನೋ ಇಬ್ಬರೋ ಕೊಂದರು, ನೂರಾರು ಜನ ಎತ್ತಿದರು. ಟಿವಿಯಲ್ಲಿ ಮೊದಲನೆಯದೇ ಜಾಸ್ತಿ ಬರುತ್ತದೆ.

ಹೇಗೆ ಸತ್ತರು ಎನ್ನುವುದು ಹೇಗೆ ಬದುಕಿದ್ದರು ಎನ್ನುವುದನ್ನು ನುಂಗುತ್ತದೆ

ಮನೆಯಲ್ಲಿ ಅಜ್ಜಿ ತೀರಿಕೊಂಡರೆ ನಾವು ಅಳುತ್ತೇವೆ. ಮೂರನೇ ದಿನಕ್ಕೆ ಯಾರಾದರೂ ಅಜ್ಜಿಯ ತಮಾಷೆ ಹೇಳುತ್ತಾರೆ. ನಗುತ್ತೇವೆ, ಮತ್ತೆ ಅಳುತ್ತೇವೆ. ದುಃಖ ಹೀಗೆ ಹೋಗಿ ಬಂದು ಮಾಡುತ್ತದೆ. ದಾಳಿಯಲ್ಲಿ ಹೋದವರ ಮನೆಯಲ್ಲಿ ಈ ದಾರಿಯೇ ಕಟ್ಟಿಕೊಳ್ಳುತ್ತದೆ. ಮಗಳ ನೆನಪು ಮಾಡಿಕೊಳ್ಳಲು ಹೋದರೆ ಅವಳ ಕೊನೆಯ ಗಳಿಗೆಯೇ ಎದುರಿಗೆ ಬರುತ್ತದೆ. ಅವಳು ಹೆದರಿದ್ದಳಾ? ಅಮ್ಮಾ ಅಂತ ಕರೆದಳಾ? ಆ ಚಿತ್ರ ಬೇಡ ಅಂತ ಆಕೆಯ ನೆನಪನ್ನೇ ದೂರ ಇಡುತ್ತಾರೆ. ಫೋಟೋ ತೆಗೆದಿಡುತ್ತಾರೆ, ಕೋಣೆಗೆ ಬೀಗ ಹಾಕುತ್ತಾರೆ. ದುಃಖ ಪಡಲು ಬೇಕಾದ ನೆನಪೇ ಕೈಗೆ ಸಿಗದ ಹಾಗೆ ಆಗುತ್ತದೆ. ಆಘಾತ ಒಂದು, ಶೋಕ ಇನ್ನೊಂದು. ಎರಡೂ ಒಂದೇ ಮನೆಗೆ ಒಂದೇ ದಿನ ಬಂದಾಗ ಹೀಗಾಗುತ್ತದೆ. ಇಂಥವರಿಗೆ "ಗಟ್ಟಿಯಾಗಿರಿ" ಅನ್ನುವುದರಿಂದ ಏನೂ ಪ್ರಯೋಜನ ಇಲ್ಲ.

ಅದರ ಮೇಲೆ ಕಾಯುವ ಶಿಕ್ಷೆ. ದಾಳಿಯಲ್ಲಿ ಸತ್ತವರ ದೇಹ ಮನೆಯವರದ್ದು ಆಗುವ ಮೊದಲು ಸಾಕ್ಷ್ಯ ಆಗಿರುತ್ತದೆ. ಪಂಚನಾಮೆ ಆಗಬೇಕು, ಪೋಸ್ಟ್‌ಮಾರ್ಟಂ ಆಗಬೇಕು, ಗುರುತು ಖಾತ್ರಿಯಾಗಬೇಕು. ಅಲ್ಲಿಯವರೆಗೆ ಶವಾಗಾರದ ಹೊರಗೆ ಕೂತವರಿಗೆ ತಾವು ಅಳಬೇಕೋ ಆಸೆ ಇಟ್ಟುಕೊಳ್ಳಬೇಕೋ ಗೊತ್ತಿರುವುದಿಲ್ಲ. ಪಾಲೀನ್ ಬಾಸ್ ಎಂಬ ಮನಶ್ಶಾಸ್ತ್ರಜ್ಞೆ ಇದನ್ನು ತೀರ್ಮಾನ ಇಲ್ಲದ ನಷ್ಟ ಎನ್ನುವ ಅರ್ಥದಲ್ಲಿ ವಿವರಿಸಿದ್ದಾರೆ. 2010ರ ವಿಮಾನ ದುರಂತದಲ್ಲಿ ಡಿಎನ್‌ಎ ಪರೀಕ್ಷೆ ಮಾಡಿಯೂ 12 ದೇಹಗಳು ಯಾರದ್ದು ಅಂತ ಗೊತ್ತಾಗಲಿಲ್ಲ. ಕೂಳೂರು–ತಣ್ಣೀರುಬಾವಿ ರಸ್ತೆ ಬದಿಯಲ್ಲಿ, ಫಲ್ಗುಣಿ ನದಿಯ ದಡದಲ್ಲಿ ಅವನ್ನು ಒಟ್ಟಿಗೆ ಮಣ್ಣು ಮಾಡಿದರು. ಈಗ ಅಲ್ಲಿ ಸ್ಮಾರಕ ಉದ್ಯಾನ ಇದೆ. ಪ್ರತಿ ಮೇ 22ಕ್ಕೆ ಜನ ಹೂ ಇಡಲು ಬರುತ್ತಾರೆ. ಯಾವ ಹೂ ಯಾರಿಗೆ ಅಂತ ಬರೆದಿರುವುದಿಲ್ಲ.

ನೆನಪಿನ ಬಗ್ಗೆ ಒಂದು ಸಣ್ಣ ಮಾತು. ವಿಮಾನ ಬಿದ್ದ ಆ ಬೆಳಿಗ್ಗೆ ಭಾರೀ ಮಳೆ ಇತ್ತು ಅಂತ ನನ್ನ ಮಾವ ಆಣೆ ಮಾಡಿ ಹೇಳುತ್ತಾರೆ. ವಿಚಾರಣಾ ವರದಿ ನೋಡಿದರೆ ಗಾಳಿ ಶಾಂತ ಇತ್ತು, 6 ಕಿ.ಮೀ. ದೂರದವರೆಗೆ ಕಾಣುತ್ತಿತ್ತು. ಮಾವ ಸುಳ್ಳು ಹೇಳುವವರಲ್ಲ. ಆಘಾತದ ದಿನದ ನೆನಪು ಕಲ್ಲಿನಲ್ಲಿ ಕೆತ್ತಿದ ಹಾಗೆ ಅನ್ನಿಸುತ್ತದೆ, ಆದರೆ ಅದೂ ಬೇರೆ ನೆನಪುಗಳ ಹಾಗೆ ಬದಲಾಗುತ್ತದೆ ಅಂತ ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ತೋರಿಸಿದ್ದಾರೆ. ಪ್ರತ್ಯಕ್ಷ ಕಂಡವರ ಹೇಳಿಕೆ ಒಂದಕ್ಕೊಂದು ಹೊಂದದಿದ್ದರೆ ಕೂಡಲೇ ಸಂಚು ಹುಡುಕಬೇಕಾಗಿಲ್ಲ.

ಅಂಗೈಯಲ್ಲಿ ಮತ್ತೆ ಮತ್ತೆ ಸಿಡಿಯುವ ಬಾಂಬ್

2013ರ ಏಪ್ರಿಲ್ 15ರಂದು ಅಮೆರಿಕದ ಬೋಸ್ಟನ್ ಮ್ಯಾರಥಾನ್ ಓಟ ಮುಗಿಯುವ ಗೆರೆಯ ಹತ್ತಿರ ಎರಡು ಬಾಂಬ್ ಸಿಡಿದವು. ಅವೂ ಕುಕ್ಕರ್ ಬಾಂಬುಗಳೇ. ಓಟ ನೋಡಲು ನಿಂತಿದ್ದ ಮೂವರು ಸತ್ತರು, ನೂರಾರು ಜನ ಗಾಯಗೊಂಡರು. ಆಮೇಲೆ ನಡೆದ ಒಂದು ಅಧ್ಯಯನ ನನ್ನನ್ನು ತುಂಬಾ ಯೋಚಿಸುವ ಹಾಗೆ ಮಾಡಿತು. ಮೊದಲ ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಆ ಸುದ್ದಿಯನ್ನೇ ನೋಡಿದವರಲ್ಲಿ, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತಲೂ ಹೆಚ್ಚು ಒತ್ತಡದ ಲಕ್ಷಣ ಕಂಡವು. ಆ ಜಾಗದಲ್ಲಿದ್ದವರಿಗೆ ಬಾಂಬ್ ಸಿಡಿದು ಮುಗಿದಿತ್ತು. ಸೋಫಾದಲ್ಲಿ ಕೂತವರಿಗೆ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಸಿಡಿಯುತ್ತಲೇ ಇತ್ತು. ಮೊದಲೇ ಆತಂಕ ಇರುವವರು ಸುದ್ದಿಯನ್ನು ಜಾಸ್ತಿ ನೋಡುತ್ತಾರೆ ಎನ್ನುವುದೂ ಇರಬಹುದು. ಇದ್ದರೂ ಸಲಹೆ ಬದಲಾಗುವುದಿಲ್ಲ. ವಿಡಿಯೋ ಬಂದರೆ ಮುಂದಕ್ಕೆ ಕಳಿಸಬೇಡಿ. ಮಕ್ಕಳ ಎದುರು ಆ ಟಿವಿ ಬೇಡ. ಸಣ್ಣ ಮಗುವಿಗೆ ಅದು ಮರುಪ್ರಸಾರ ಅಂತ ತಿಳಿಯುವುದಿಲ್ಲ, ಮತ್ತೆ ಮತ್ತೆ ಹೊಸದಾಗಿ ನಡೆಯುತ್ತಿದೆ ಅಂದುಕೊಳ್ಳುತ್ತದೆ.

ಬೋಸ್ಟನ್ನಿನಲ್ಲೇ ಇನ್ನೊಂದು ಅನ್ಯಾಯ ಆಯಿತು. ಇಂಟರ್‌ನೆಟ್ಟಿನ ಪತ್ತೇದಾರರು ಫೋಟೋ ಹೋಲಿಸಿ, ಭಾರತೀಯ ಮೂಲದ ಒಬ್ಬ ವಿದ್ಯಾರ್ಥಿಯೇ ಬಾಂಬ್ ಇಟ್ಟವನು ಅಂತ ತೀರ್ಪು ಕೊಟ್ಟರು. ಆತ ಒಂದು ತಿಂಗಳ ಹಿಂದೆಯೇ ಕಾಣೆಯಾಗಿದ್ದ. ಮನೆಯವರು ಅವನನ್ನು ಹುಡುಕುತ್ತಾ ಇದ್ದರು. ಆಮೇಲೆ ಅವನ ಶವ ಸಿಕ್ಕಿತು. ಸ್ಫೋಟಕ್ಕೂ ಅವನಿಗೂ ಸಂಬಂಧವೇ ಇರಲಿಲ್ಲ. ನಮ್ಮ ನಾಗುರಿಯ ಪ್ರಕರಣದಲ್ಲೂ ಕುಕ್ಕರ್ ಒಯ್ಯುತ್ತಿದ್ದ ಪ್ರಯಾಣಿಕನ ಹತ್ತಿರ ಇದ್ದದ್ದು ಬೇರೆ ಯಾರೋ ಕಳೆದುಕೊಂಡಿದ್ದ ಆಧಾರ್ ಕಾರ್ಡ್. ನಿಜ ಗೊತ್ತಾಗುವವರೆಗೆ ಹರಿದಾಡಿದ್ದು ಆ ಪಾಪದ ಮನುಷ್ಯನ ಹೆಸರು. ಅಂಥ ಒಂದು ದಿನ ಹೇಗಿರುತ್ತದೆ ಅಂತ ಊಹಿಸಿ ನೋಡಿ.

ಸಿಟ್ಟು ಬರುವುದು ತಪ್ಪಲ್ಲ. ಸಿಟ್ಟು ಶೋಕದ ಇನ್ನೊಂದು ಮುಖ. ಆದರೆ ಸಿಟ್ಟಿಗೆ ಗುರಿ ಬೇಕು. ದಾಳಿ ಮಾಡಿದವನು ಸತ್ತಿರುತ್ತಾನೆ ಅಥವಾ ಜೈಲಿನಲ್ಲಿರುತ್ತಾನೆ, ಕೈಗೆ ಸಿಗುವುದಿಲ್ಲ. ಆಗ ಅವನ ಹೆಸರಿನ ಹಾಗೆ ಹೆಸರಿರುವವರು ಕಾಣಿಸುತ್ತಾರೆ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ನಾಗುರಿಯ ಘಟನೆ ಆದ ವಾರ ನಮ್ಮ ಬೀದಿಗೆ ಮೀನು ತರುವ ಬ್ಯಾರಿ ಮುಸ್ಲಿಮರೊಬ್ಬರು ಸ್ಕೂಟರನ್ನು ದೂರವೇ ನಿಲ್ಲಿಸಿ, ಪೆಟ್ಟಿಗೆಯ ಮುಚ್ಚಳ ತಾನೇ ತೆಗೆದು ತೋರಿಸಿ ಆಮೇಲೆ ಹಾರ್ನ್ ಹೊಡೆದರು. ಯಾರೂ ಕೇಳಿರಲಿಲ್ಲ. ಇಪ್ಪತ್ತು ವರ್ಷದಿಂದ ಬರುತ್ತಿರುವವರು. ಅಮ್ಮ ಚೌಕಾಸಿ ಮಾಡದೆ ಬಂಗುಡೆ ತೆಗೆದುಕೊಂಡದ್ದು ಅವತ್ತು ಒಂದೇ ದಿನ. ಅವರಿಗೂ ಅದು ಸರಿ ಅನ್ನಿಸಲಿಲ್ಲ ಅಂತ ಕಾಣುತ್ತದೆ, ಎರಡು ಮೀನು ಜಾಸ್ತಿ ಹಾಕಿ ಹೋದರು.

2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಮಸೀದಿಗಳ ಮೇಲೆ ದಾಳಿ ನಡೆದು 51 ಜನ ಸತ್ತಾಗ, ಆಗಿನ ಪ್ರಧಾನಿ ಜೆಸಿಂಡಾ ಆರ್ಡರ್ನ್ ಸಂಸತ್ತಿನಲ್ಲಿ ಒಂದು ಮಾತು ಕೊಟ್ಟರು. ಹಂತಕನ ಹೆಸರನ್ನು ತಾನು ಬಾಯಲ್ಲಿ ಹೇಳುವುದಿಲ್ಲ ಅಂತ. ಹೋದವರ ಹೆಸರು ಹೇಳಿ ಅಂತ ಜನರನ್ನು ಕೇಳಿಕೊಂಡರು. ಇದರಿಂದ ದ್ವೇಷ ನಿಂತುಬಿಡುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಸತ್ತವರ ಮನೆಯವರು ಟಿವಿ ಹಾಕಿದಾಗ ಯಾರ ಮುಖ ಕಾಣಬೇಕು ಎನ್ನುವ ಪ್ರಶ್ನೆಗೆ ಅದು ಒಂದು ಮರ್ಯಾದೆಯ ಉತ್ತರ.

ಮಾತಾಡಿಸಬೇಕಾ, ಸುಮ್ಮನಿರಬೇಕಾ?

ಒಂದು ಕಾಲದಲ್ಲಿ ತಜ್ಞರೇ ತಪ್ಪು ಮಾಡಿದ್ದರು. ದುರಂತ ಆದ ಕೂಡಲೇ ಬದುಕುಳಿದವರನ್ನು ಕೂರಿಸಿ, ಏನೇನು ಕಂಡಿರಿ, ಏನನ್ನಿಸಿತು ಅಂತ ಒಂದೇ ಸಲಕ್ಕೆ ಎಲ್ಲ ಹೇಳಿಸಿದರೆ ಮನಸ್ಸು ಹಗುರ ಆಗುತ್ತದೆ ಅಂತ ನಂಬಿದ್ದರು. ಪರೀಕ್ಷೆ ಮಾಡಿ ನೋಡಿದರೆ ಅದರಿಂದ ಪಿಟಿಎಸ್‌ಡಿ ಕಡಿಮೆಯಾಗಲಿಲ್ಲ. ಕೆಲವರಿಗೆ ಇನ್ನೂ ಕಷ್ಟವೇ ಆಯಿತು. ಈಗ ಹಾಗೆ ಮಾಡಬೇಡಿ ಅಂತಲೇ ಹೇಳುತ್ತಾರೆ. ಆ ಜಾಗಕ್ಕೆ ಬಂದದ್ದು ಮನಸ್ಸಿನ ಪ್ರಥಮ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇದಕ್ಕೆ ಒಂದು ಕೈಪಿಡಿ ತಂದಿತು. ಅದರ ತಿರುಳು ಮೂರು ಮಾತು: ನೋಡಿ, ಕೇಳಿಸಿಕೊಳ್ಳಿ, ಸೇರಿಸಿ. ಯಾರಿಗೆ ತುರ್ತು ಅಂತ ನೋಡುವುದು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳುವುದು, ಕೆದಕದೆ ಇರುವುದು. ಮನೆಯವರ ಜೊತೆ, ಆಸ್ಪತ್ರೆ ಜೊತೆ, ಬೇಕಾದ ಮಾಹಿತಿ ಜೊತೆ ಸೇರಿಸುವುದು. ಫೋನ್ ಚಾರ್ಜ್ ಮಾಡಿಕೊಡುವುದೂ ಇದರಲ್ಲಿ ಬರುತ್ತದೆ. ಅಮ್ಮ ಬಾಯಮ್ಮನಿಗೆ ಮಾಡಿದ್ದು ಹೆಚ್ಚುಕಮ್ಮಿ ಇದೇ. ಅಮ್ಮ ಆ ಕೈಪಿಡಿ ಓದಿಲ್ಲ.

ನಮ್ಮ ರಾಜ್ಯಕ್ಕೂ ಈ ವಿಷಯದಲ್ಲಿ ಹಳೆಯ ನಂಟು ಇದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಮಕ್ಕಳು. ಅದು ದಾಳಿ ಅಲ್ಲ, ಆದರೆ ನಗಲು ಹೋದ ಜಾಗದಲ್ಲಿ ಬಂದ ಸಾವು. ಆಗ ನಿಮ್ಹಾನ್ಸ್‌ನವರು ಮಕ್ಕಳನ್ನು ಕಳೆದುಕೊಂಡ ಮನೆಗಳವರ ಶೋಕವನ್ನು ಅಧ್ಯಯನ ಮಾಡಿದರು. ದುರಂತದ ನಂತರದ ಮನಸ್ಸಿನ ಬಗ್ಗೆ ದೇಶದಲ್ಲಿ ನಡೆದ ಆರಂಭದ ಕೆಲಸಗಳಲ್ಲಿ ಅದೂ ಒಂದು. ಈಗ ಮನಸ್ಸಿನ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ ಹಿಂದೆಯೂ ನಿಮ್ಹಾನ್ಸ್ ಇದೆ. ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ಹದಿಮೂರನೇ ದಿನ

ನಮ್ಮಲ್ಲಿ ಸಾವಿಗೆ ಒಂದು ಕ್ಯಾಲೆಂಡರ್ ಇದೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಮನೆಯಿಂದ ಗಂಜಿ ಬರುತ್ತದೆ. ಹನ್ನೊಂದನೇ ದಿನಕ್ಕೋ ಹದಿಮೂರಕ್ಕೋ ಬೊಜ್ಜ, ಅಂದರೆ ಉತ್ತರಕ್ರಿಯೆ. ಕ್ರೈಸ್ತರಲ್ಲಿ ತಿಂಗಳ ಪೂಜೆ, ಮುಸ್ಲಿಮರಲ್ಲಿ ನಲವತ್ತನೇ ದಿನದ ಪ್ರಾರ್ಥನೆ. ಆಟಿ ತಿಂಗಳು ಬಂದರೆ ತುಳುವರ ಮನೆಗಳಲ್ಲಿ ಹೋದವರಿಗೆ ಎಲೆ ಹಾಕಿ ಬಡಿಸುತ್ತಾರೆ. ಮದುವೆಯಾಗದೆ ತೀರಿಹೋದ ಮಕ್ಕಳಿಗೆ ಮದುವೆಯೂ ಉಂಟು. ಕುಲೆ ಮದಿಮೆ. ವಧು ವರ ಇಬ್ಬರೂ ಇಲ್ಲದವರು, ಆದರೆ ಸಂಬಂಧ ನೋಡುವುದು, ನಿಶ್ಚಯ, ಸೀರೆ, ಊಟ ಎಲ್ಲ ಇರುತ್ತದೆ. 2024ರಲ್ಲಿ ಪುತ್ತೂರಿನ ಒಂದು ಮನೆಯವರು, 30 ವರ್ಷ ಹಿಂದೆ ತೀರಿಕೊಂಡ ಮಗಳಿಗೆ ಅಂಥದೇ ವರ ಬೇಕು ಅಂತ ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದರು. ಓದಿ ನಕ್ಕವರಿದ್ದಾರೆ. ನನಗೆ ನಗು ಬರಲಿಲ್ಲ. 30 ವರ್ಷ ಆ ಮನೆಯಲ್ಲಿ ಆಕೆಗೆ ವಯಸ್ಸಾಗುತ್ತಾ ಬಂದಿತ್ತು ಅಂತಾಯಿತು.

ಹಿಂದೆ ಪಶ್ಚಿಮದ ಮನಶ್ಶಾಸ್ತ್ರದಲ್ಲಿ, ಸತ್ತವರ ನಂಟು ಬಿಡಿಸಿಕೊಂಡರೆ ಶೋಕ ಮುಗಿಯಿತು ಎನ್ನುವ ನಂಬಿಕೆ ಇತ್ತು. 1990ರ ದಶಕದಲ್ಲಿ ಅವರಲ್ಲೇ ಕೆಲವರು ಇದನ್ನು ಪ್ರಶ್ನಿಸಿದರು. ನಂಟು ಕಡಿದುಹೋಗಬೇಕಾಗಿಲ್ಲ, ರೂಪ ಬದಲಿಸಿ ಉಳಿಯುತ್ತದೆ, ಹಾಗೆ ಉಳಿದರೆ ಅದು ರೋಗ ಅಲ್ಲ ಎಂದರು. ಆಟಿಯಲ್ಲಿ ಎಲೆ ಹಾಕುವವರಿಗೆ ಇದು ಹೊಸ ಸುದ್ದಿ ಏನಲ್ಲ. ಹಾಗಂತ ಬೊಜ್ಜ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಆರು ತಿಂಗಳು, ವರ್ಷ ಕಳೆದರೂ ದುಃಖ ಮೊದಲ ದಿನದ ಹಾಗೇ ಇದ್ದು, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ಶಾಸ್ತ್ರ ಮಾಡಿದ ಮೇಲೂ ಡಾಕ್ಟರ ಹತ್ತಿರ ಹೋಗಬಹುದು.

ಮನೆಯ ಸಾವಿಗೆ ಮನೆಯ ಕ್ಯಾಲೆಂಡರ್ ಇದೆ. ಊರಿಗೆ ಬಿದ್ದ ಪೆಟ್ಟಿಗೆ? ಅದಕ್ಕೆ ತಯಾರಿರುವ ಶಾಸ್ತ್ರ ಇಲ್ಲ. ಆದ್ದರಿಂದ ಜನ ಅಲ್ಲಲ್ಲೇ ಹುಟ್ಟಿಸಿಕೊಳ್ಳುತ್ತಾರೆ. ಮ್ಯಾಂಚೆಸ್ಟರಿನ ಒಂದು ಚೌಕದಲ್ಲಿ ಹೂ, ಗೊಂಬೆ, ಚೀಟಿಗಳು ರಾಶಿ ಬಿದ್ದವು. ನಗರಪಾಲಿಕೆ ಅವನ್ನು ಕಸಕ್ಕೆ ಹಾಕಲಿಲ್ಲ, ಸಾವಿರಾರು ವಸ್ತುಗಳನ್ನು ಒಂದು ಸಂಗ್ರಹವಾಗಿ ಕಾದಿಟ್ಟಿದೆ. ಜೂನ್ 4ರಂದು ಅದೇ ಹಾಡುಗಾರ್ತಿ ಅದೇ ಊರಿಗೆ ಬಂದು ಓಲ್ಡ್ ಟ್ರಾಫರ್ಡ್ ಕ್ರಿಕೆಟ್ ಮೈದಾನದಲ್ಲಿ ಹಾಡಿದರು. ಮೊದಲ ಕಾರ್ಯಕ್ರಮಕ್ಕೆ ಬಂದಿದ್ದವರಿಗೆ ಟಿಕೆಟ್ ಬಿಟ್ಟಿ. ಹಿಂದಿನ ರಾತ್ರಿಯಷ್ಟೇ ಲಂಡನ್ ಬ್ರಿಜ್ ಹತ್ತಿರ ಇನ್ನೊಂದು ದಾಳಿ ಆಗಿತ್ತು. ಆದರೂ ಸುಮಾರು 50 ಸಾವಿರ ಜನ ಬಂದರು. ಮೇ 22ರಿಂದ ಜೂನ್ 4. ಎಣಿಸಿ ನೋಡಿ, ಹದಿಮೂರು ದಿನ. ಅವರಿಗೆ ನಮ್ಮ ಲೆಕ್ಕ ಗೊತ್ತಿರಲಿಕ್ಕಿಲ್ಲ.

ಆ 50 ಸಾವಿರ ಜನ ಅಲ್ಲಿ ಮಾಡಿದ್ದು ಏನು? ಗುರುತಿಲ್ಲದವರಿಗೆ ಬೆನ್ನು ಕೊಟ್ಟು ನಿಂತದ್ದು. ಗುಂಪಿನ ಮೇಲಿನ ನಂಬಿಕೆ ಮನೆಯಲ್ಲಿ ಕೂತು ವಾಪಸ್ ಬರುವುದಿಲ್ಲ. ಹೆದರಿದ ಜಾಗಕ್ಕೆ ಸ್ವಲ್ಪ ಸ್ವಲ್ಪವಾಗಿ ಮತ್ತೆ ಹೋಗುವುದು ಭಯದ ಚಿಕಿತ್ಸೆಯಲ್ಲಿ ಹಳೆಯ ದಾರಿ. ಮೊದಲು ಹೊರಗೆ ನಿಂತು, ಆಮೇಲೆ ಬಾಗಿಲವರೆಗೆ, ಆಮೇಲೆ ಒಳಗೆ. ಯಾರೂ ತಳ್ಳಬಾರದು. ಬಾಗಿಲಲ್ಲಿ ಚೀಲ ನೋಡುವವರು ಇದ್ದರೆ ಕೆಲವರಿಗೆ ಧೈರ್ಯ, ಇನ್ನು ಕೆಲವರಿಗೆ ಅದನ್ನು ಕಂಡರೇ ಎದೆ ಡವಡವ. ಎರಡೂ ಸರಿ.

ಬಾಯಮ್ಮನ ಮಗಳು ಆ ವರ್ಷ ಕ್ರಿಸ್ಮಸ್ಸಿಗೆ ಬಂದಿದ್ದಳು. ಆ ರಾತ್ರಿ ಆಸ್ಪತ್ರೆಯಲ್ಲಿ ಏನು ಕಂಡಳು ಅಂತ ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ. ದಪ್ಪ ಆಗಿದ್ದೀಯ, ಸಪೂರ ಆಗಿದ್ದೀಯ ಅಂತ ಇಬ್ಬರು ಎರಡು ರೀತಿ ಹೇಳಿದ್ದಕ್ಕೆ ನಕ್ಕಳು. ನಡುರಾತ್ರಿಯ ಪೂಜೆಗೆ ಮನೆಯವರೆಲ್ಲ ಮುಂದಿನ ಬೆಂಚಿನಲ್ಲಿ ಕೂತರೆ ಅವಳು ಕೊನೆಯವರೆಗೂ ಬಾಗಿಲ ಪಕ್ಕದಲ್ಲೇ ನಿಂತಿದ್ದಳಂತೆ. ಬಾಯಮ್ಮ ಎರಡು ಸಲ ತಿರುಗಿ ನೋಡಿದರು. ಮೂರನೇ ಸಲ ಎದ್ದು ಹೋಗಿ ಅವಳ ಪಕ್ಕದಲ್ಲಿ ನಿಂತುಕೊಂಡರು.

ಅಮ್ಮ ಕದ್ರಿಗೆ ಸೋಮವಾರ ಹೋಗುವುದನ್ನು ಬೇಗ ಶುರು ಮಾಡಿದರು. ಜನ ಕಡಿಮೆ ಇರುವ ಹೊತ್ತು ನೋಡಿ, ಬೆಳಿಗ್ಗೆ ಬೇಗ. ಜಾತ್ರೆಗೆ ಮಾತ್ರ ಇಲ್ಲ. 2024ರ ಜನವರಿಯಲ್ಲಿ ತೇರಿನ ದಿನ ನಾನು ಹೊರಡುವಾಗ ತಾವೂ ಸೀರೆ ಉಟ್ಟು ಬಂದರು. ಬಾಗಿಲಲ್ಲಿ ಪೊಲೀಸ್ ಹುಡುಗಿ ಚೀಲ ತೆರೆಯಲು ಹೇಳಿದಳು. ಅಮ್ಮ ಹಣ್ಣುಕಾಯಿ, ಊದುಬತ್ತಿ, ಕನ್ನಡಕದ ಡಬ್ಬಿ ಒಂದೊಂದಾಗಿ ತೆಗೆದು ತೋರಿಸಿದರು. ಅವಳು ಸಾಕು ಅಂದರೂ ಬಿಡಲಿಲ್ಲ. ಒಳಗೆ ಹೋಗಿ ಕಂಬದ ಪಕ್ಕ, ಹೊರಗೆ ಓಡಲು ದಾರಿ ಇರುವ ಕಡೆ ನಿಂತೆವು. ಜನ ಬರುತ್ತಲೇ ಇದ್ದರು. ವಾದ್ಯ ಜೋರಾಯಿತು, ಗರ್ನಾಲ್ ಸಿಡಿಯಿತು. ಅಮ್ಮ ನನ್ನ ತೋಳು ಹಿಡಿದುಕೊಂಡರು. ಸ್ವಲ್ಪ ಹೊತ್ತು ಹಾಗೇ ಇದ್ದು, ತುದಿಗಾಲಲ್ಲಿ ಎರಡು ಸಲ ಇಣುಕಿ ನೋಡಿ ಹೇಳಿದರು:

"ಇಲ್ಲಿಂದ ತೇರು ಕಾಣುದೇ ಇಲ್ಲ ಮಾರಾಯ. ಸ್ವಲ್ಪ ಮುಂದೆ ಹೋಗುವ."